ನೆಗೆಣ್ಣಿಯ ಕಾರಿನ ಹೊಳಪು

ಶಲವಡಿಯಲ್ಲಿ ಯಾರಿಗಾದರೂ ಹೊಟ್ಟೆ ನುಲಿದರೆ ಮೊದಲು ನೆನಪಾಗುವುದು ಸುಶೀಲವ್ವ. ಚಳಿಗಾಲ ಬಂತೆಂದರೆ ಅವಳು ಸಂಜೆ ಹೊತ್ತು ಕಡಲೆ ಹೊಲಕ್ಕೆ ಹೋಗಿ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ ಬರುತ್ತಾಳೆ. ಬೆಳಗಾಗುವುದರೊಳಗೆ ಇಬ್ಬನಿಯೂ ಕಡಲೆ ಎಲೆಯ ಹುಳಿಯೂ ಕೂಡಿ ಬಟ್ಟೆ ತೊಯ್ದು ತೊಪ್ಪೆಯಾಗಿರುತ್ತದೆ. ಹಿಂಡಿ ಗಾಜಿನ ಬಾಟಲಿಗೆ ತುಂಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ನೀರಿಗೆ ಒಂದಿಷ್ಟು ಬೆರೆಸಿ ಕುಡಿದರೆ ಎಂಥ ಹೊಟ್ಟೆನೋವೂ ನಿಲ್ಲುತ್ತದೆ ಎಂದು ಊರಿನವರ ನಂಬಿಕೆ. ಹಿತ್ತಾಳೆ ತಂಬಿಗೆಯಲ್ಲಿ ಮಾತ್ರ ಅದನ್ನು ಇಡುವಂತಿಲ್ಲ, ತಂಬಿಗೆಯನ್ನೇ ತಿಂದುಹಾಕುತ್ತದೆ. ಕಡಲೆ ಹೊಲದಲ್ಲಿ ದಿನಾ ಅಡ್ಡಾಡುವವರ ಚಪ್ಪಲಿ ಕೂಡ ಆ ಹುಳಿಗೆ ಬಾಳಿಕೆ ಬರುವುದಿಲ್ಲ.

ಹೀಗೆ ಊರವರ ಹೊಟ್ಟೆನೋವಿಗೆಲ್ಲ ಮದ್ದು ಕೊಡುವ ಸುಶೀಲವ್ವನ ಹೊಟ್ಟೆಯೊಳಗೆ ಉರಿಯುತ್ತಿದ್ದದ್ದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅವಳ ಬಾಯಿಂದ ಒಂದು ಕೆಟ್ಟ ಮಾತು ಕೇಳಿದವರಿಲ್ಲ. ಆಡಬೇಕಾದದ್ದನ್ನೆಲ್ಲ ಅವಳು ಒಳಗೊಳಗೇ ಆಡಿಕೊಂಡು ಮುಗಿಸುತ್ತಿದ್ದಳು. ಅದರಲ್ಲಿ ಮುಕ್ಕಾಲು ಪಾಲು ನಂದಾಳ ಮೇಲೆ.

ನಂದಾ ಅವಳ ನೆಗೆಣ್ಣಿ, ಮೈದುನ ಸಂಗನಬಸವನ ಹೆಂಡತಿ, ಅಣ್ಣಿಗೇರಿ ಕಡೆಯವಳು. ಅಣ್ಣತಮ್ಮಂದಿರು ಬೇರೆಯಾದ ಮೇಲೆ ಮನೆ ಎರಡಾದವು, ಅಂಗಳ ಒಂದೇ ಉಳಿಯಿತು. ಅತ್ತೆ ಹಿರಿಯ ಮಗನ ಕಡೆಗೆ ಬಂದರು. ನಂದಾ ಹೊಸ ಸೀರೆ ಉಟ್ಟು ಅಂಗಳಕ್ಕೆ ಬಂದರೆ ಸುಶೀಲವ್ವ "ಅಗದಿ ಚಂದ ಕಾಣ್ತಿ ನೋಡ ನಂದಾ" ಎಂದು ಬಾಯಿ ತುಂಬ ಹೊಗಳುತ್ತಿದ್ದಳು. ಆಮೇಲೆ ಒಳಗೆ ಬಂದು ಆ ಸೀರೆಯ ಸಿಟ್ಟನ್ನೆಲ್ಲ ಜೋಳದ ಹಿಟ್ಟು ನಾದಿ ತೀರಿಸಿಕೊಳ್ಳುತ್ತಿದ್ದಳು. ಅಂಥ ದಿನ ಅವಳ ಗಂಡ ಶಂಭುಲಿಂಗಪ್ಪನಿಗೆ ರೊಟ್ಟಿ ಬಲು ಮೆತ್ತಗೆ ಸಿಗುತ್ತಿದ್ದವು. ಹೆಂಡತಿಯ ಕೈಗುಣ ಎಂದುಕೊಂಡು ಅವನು ಸುಮ್ಮನೆ ಉಣ್ಣುತ್ತಿದ್ದ.

ಒಂದು ವರ್ಷ ಹತ್ತಿಗೂ ಮೆಣಸಿನಕಾಯಿಗೂ ಒಳ್ಳೆಯ ಧಾರಣೆ ಬಂದು ಶಂಭುಲಿಂಗಪ್ಪ ಕಾರು ಕೊಳ್ಳಲು ಹುಬ್ಬಳ್ಳಿಗೆ ಹೋದ. ಸುಶೀಲವ್ವನೂ ಜೊತೆಗಿದ್ದಳು. ಕಡು ನೀಲಿ ಬಣ್ಣದ ಕಾರು ಆರಿಸಿದ್ದಾಯಿತು. ಆಗ ಶೋರೂಮಿನ ಹುಡುಗ ಇನ್ನೊಂದು ಕಾರಿನ ಬಾನೆಟ್ಟಿನ ಮೇಲೆ ನೀರು ಸುರಿದು ತೋರಿಸಿದ. ನೀರು ಗುಂಡುಗುಂಡಾಗಿ ಉರುಳಿ ಕೆಳಗೆ ಬಿತ್ತು.

"ಇದು ಕೋಟಿಂಗ್ ರಿ ಸರ್. ಬಿಸಲು, ಧೂಳು, ಹಕ್ಕಿ ಹಿಕ್ಕಿ, ಯಾವುದೂ ಬಣ್ಣಕ್ಕ ಹತ್ತಂಗಿಲ್ಲ. ಗಾಡಿ ಕಾಯಂ ಹೊಸಾದ ಕಾಣತೈತಿ. ಮಾಡಿಸಿಬಿಡ್ರಿ."

"ಕಂಪನ್ಯಾವ್ರು ಬಣ್ಣ ಹಚ್ಚೇ ಕೊಟ್ಟಾರಲ್ಲ," ಎಂದ ಶಂಭುಲಿಂಗಪ್ಪ. "ಅದರ ಮ್ಯಾಲ ಮತ್ತ ನೀವೇನ್ ಹಚ್ಚತೀರಿ? ಹೊಸಾ ಗಾಡಿ ಮ್ಯಾಲ ನೀರ ಬಿದ್ರ ಎಲ್ಲಾದೂ ಹಿಂಗ ಉಳ್ಳತೈತಿ. ಬ್ಯಾಡ ಬಿಡ್ರಿ."

ಸುಶೀಲವ್ವನಿಗೆ ಗಂಡನ ಮಾತು ಸರಿಯೆನಿಸಿತು. ಊರಿಗೆ ಬರುವಾಗ ಮುಂದಿನ ಸೀಟಿನಲ್ಲಿ ಕೂತು ಅವಳು ಕೋಟಿಂಗನ್ನು ಮರೆತೇಬಿಟ್ಟಿದ್ದಳು. ನವಲಗುಂದ ದಾಟಿದ ಮೇಲಂತೂ ಅವಳ ಮನಸ್ಸಿನಲ್ಲಿದ್ದದ್ದು ಒಂದೇ, ಅಂಗಳದಲ್ಲಿ ಕಾರು ನಿಂತಾಗ ನಂದಾಳ ಮುಖ ಹೇಗಾಗುತ್ತದೆ ಎಂಬುದು. ಹೇಗೂ ಆಗಲಿಲ್ಲ. ನಂದಾ ನಗುನಗುತ್ತ ಬಂದು ಆರತಿ ಬೆಳಗಿದಳು. ಅತ್ತೆ ಬಾನೆಟ್ಟಿಗೆ ವಿಭೂತಿ ಬಳಿದು ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟಿಟ್ಟರು. ಅದನ್ನು ತೊಳೆಯಲು ಯಾರಿಗೂ ಮನಸ್ಸಾಗದೆ ಬೊಟ್ಟು ಅಲ್ಲಿಯೇ ಒಣಗಿ ಒಂದು ಕಲೆ ಉಳಿಯಿತು.

ದೀಪಾವಳಿಗೆ ಸಂಗನಬಸವನೂ ಕಾರು ತಂದ. ಅದೇ ಕಂಪನಿ, ಅದೇ ಕಡು ನೀಲಿ. ಅತ್ತೆ ಕುಂಕುಮದ ಬಟ್ಟಲು ಹಿಡಿದು ಬಂದಾಗ ನಂದಾ ಓಣಿಯ ಹೆಂಗಸರಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಹಚ್ಚರಿ ಅತ್ತಿ, ಎಷ್ಟ ಬೇಕಾದ್ರೂ ಹಚ್ಚರಿ. ನಮ್ಮ ಗಾಡಿಗೆ ಕೋಟಿಂಗ್ ಮಾಡಿಸೀವಿ. ಏನ್ ಬಿದ್ರೂ ಕಲಿ ಹಿಡಿಯಂಗಿಲ್ಲ."

ಮರುದಿನ ನೋಡಿದರೆ ಅವಳ ಬಾನೆಟ್ಟಿನ ಮೇಲೆ ಕುಂಕುಮದ ಗುರುತೂ ಇರಲಿಲ್ಲ. ಅಂದಿನಿಂದ ಸುಶೀಲವ್ವನ ನೆಮ್ಮದಿ ಹೋಯಿತು.

ಒಂದೇ ಅಂಗಳದಲ್ಲಿ ಎರಡು ಕಾರು ನಿಂತರೆ ನೋಡದೆ ಇರುವುದು ಹೇಗೆ? ಕಸ ಹೊಡೆಯುವಾಗ ನೋಡುವಳು, ನೀರು ತರುವಾಗ ನೋಡುವಳು. ನಂದಾಳ ಕಾರು ಹೊಳೆಯುತ್ತಿತ್ತು. ತಮ್ಮದು ಮಂಕಾಗಿತ್ತು. ಎರೆಮಣ್ಣಿನ ಧೂಳು ಎರಡರ ಮೇಲೂ ಕೂತರೂ ನಂದಾಳ ಕಾರಿನ ಧೂಳೇ ತೆಳ್ಳಗೆ ಕಂಡಿತು. ಮಳೆ ಬಂದಾಗ ಬಾಗಿಲಲ್ಲಿ ನಿಂತು ನೋಡಿದಳು. ನಂದಾಳ ಕಾರಿನ ಮೇಲೆ ಹನಿಗಳು ಎಷ್ಟು ಚಂದ ಉರುಳುತ್ತಿದ್ದವು! ತಮ್ಮ ಕಾರಿನ ಮೇಲೆ ಹನಿ ಏನು ಮಾಡುತ್ತಿದ್ದವೋ, ಆ ಕಡೆಗೆ ಅವಳ ಕಣ್ಣೇ ಹೋಗಲಿಲ್ಲ.

"ನೋಡ್ರಿ ಅವ್ರ ಗಾಡಿ," ಎಂದು ಗಂಡನನ್ನು ಕರೆದು ತೋರಿಸಿದಳು. "ನೀವೂ ಅವತ್ತ ಹೂಂ ಅಂದಿದ್ರ ಏನ ಆಗ್ತಿತ್ತು?"

ಶಂಭುಲಿಂಗಪ್ಪ ಎರಡನ್ನೂ ನೋಡಿದ. "ಎಲ್ಡೂ ಒಂದ ನಮೂನಿ ಅದಾವಲ್ಲ. ನಿನ್ನ ಕಣ್ಣಿಗೆ ಏನಾಗೇತಿ?"

ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಒಣ ಬಟ್ಟೆ ತೆಗೆದುಕೊಂಡು ಹೋಗಿ ತಮ್ಮ ಕಾರನ್ನು ಗಸಗಸ ತಿಕ್ಕಿದಳು. ಧೂಳಿನ ಸಮೇತ ತಿಕ್ಕಿದ್ದಕ್ಕೆ ಬಣ್ಣದ ಮೇಲೆ ಸಣ್ಣ ಸಣ್ಣ ಗೀರು ಎದ್ದವು. ಕೋಟಿಂಗ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಆ ಗೀರುಗಳ ಪಾಪವೂ ನಂದಾಳ ತಲೆಗೇ ಹೋಯಿತು. ಆ ಕೋಟಿಂಗ್ ಬರೀ ಸುಳ್ಳು ಎಂದು ಒಂದು ಸಲ, ಒಂದೇ ಒಂದು ಸಲ, ಓಣಿಯ ಹೆಂಗಸರೆಲ್ಲರ ಎದುರಿಗೆ ಗೊತ್ತಾಗಬೇಕು, ನಂದಾಳ ಮುಖ ಸಣ್ಣದಾಗುವುದನ್ನು ತಾನು ಕಣ್ಣಾರೆ ನೋಡಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಮುಂದಿನ ವರ್ಷದ ಚಳಿಗಾಲದಲ್ಲಿ ಒಂದು ಮುಂಜಾನೆ ಸುಶೀಲವ್ವ ಹೊಲದಿಂದ ಹುಳಿಬಟ್ಟೆ ತುಂಬಿದ ಬಕೆಟ್ ಹಿಡಿದು ಬಂದಳು. ಅಂಗಳದ ತಂತಿಯ ಮೇಲೆ ಅತ್ತೆಯ ಕೌದಿಗಳನ್ನು ಬಿಸಿಲಿಗೆ ಹಾಕಿದ್ದರು, ಒಂದು ಗೇಣು ಜಾಗವೂ ಇರಲಿಲ್ಲ. ಸಂಗನಬಸವ ಮೋಟರ್ ಸೈಕಲ್ ಮೇಲೆ ತಿರ್ಲಾಪುರಕ್ಕೆ ಹೋಗಿದ್ದ. ಅವನ ಕಾರು ಬಿಸಿಲಿಗೆ ಮುಖ ಮಾಡಿ ನಿಂತಿತ್ತು. ಸುಶೀಲವ್ವ ಒಂದು ಗಳಿಗೆ ನಿಂತಳು. ದಿನವೂ ಬಟ್ಟೆಯನ್ನು ಹನಿ ಉಳಿಯದಂತೆ ಹಿಂಡಿ ಒಣಹಾಕುವವಳು ಅಂದು ಹಿಂಡಲೇ ಇಲ್ಲ. ನೀರು ಸುರಿಯುತ್ತಿದ್ದ ಬಟ್ಟೆಯನ್ನು ಹಾಗೆಯೇ ಎತ್ತಿ ನಂದಾಳ ಬಾನೆಟ್ಟಿನ ತುಂಬ ಹಾಸಿ, ಅಂಚು ಎಳೆದು, ಮಡಿಕೆ ಬಿಡಿಸಿ ಸರಿ ಮಾಡಿದಳು. ತಂತಿ ತುಂಬಿತ್ತು, ಅದಕ್ಕೇ ಇಲ್ಲಿ ಹಾಕಿದೆ, ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು.

ಅಷ್ಟರಲ್ಲಿ ಎದುರು ಮನೆಯ ಮಾಬುಬಿ ಮೊಮ್ಮಗಳಿಗೆ ಹುಳಿ ಕೇಳಿಕೊಂಡು ಬಂದಳು. ಅವಳ ಹಿಂದೆಯೇ ಅದೇ ಓಣಿಯ ಮಂಜುಳಾ ಬಂದಳು. ಇಬ್ಬರೂ ಕಟ್ಟೆಯ ಮೇಲೆ ಕೂತರು. ನಂದಾ ಹೊರಗೆ ಬಂದವಳು ಬಾನೆಟ್ಟು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ತಂತಿ ಮ್ಯಾಲ ಜಾಗಾ ಇದ್ದಿದ್ದಿಲ್ಲ ನಂದಾ," ಎಂದಳು ಸುಶೀಲವ್ವ ಸಕ್ಕರೆಯಂಥ ದನಿಯಲ್ಲಿ. "ಕಡಲಿ ಹುಳಿದು ಅರಿವಿ. ತೆಗೀಲೇನು?"

ಮಾಬುಬಿಯೂ ಮಂಜುಳಾಳೂ ನಂದಾಳ ಮುಖ ನೋಡಿದರು. ನಂದಾ ಮುಖದ ಮೇಲೆ ನಗು ತಂದುಕೊಂಡಳು. "ಇರ್ಲಿ ಬಿಡ್ರಿ ಅಕ್ಕಾರ, ಒಣಗಲಿ. ಕೋಟಿಂಗ್ ಐತಲ್ಲ, ಏನಾಗತೈತಿ."

ಬಿಸಿಲು ಏರಿತು. ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತರು. ನಂದಾಳ ಕೈ ತೊಟ್ಟಿನ ಮೇಲಿತ್ತು, ಕಣ್ಣು ಕಾರಿನ ಮೇಲೆ. ಅವಳ ಕಣ್ಣು ಆ ಕಡೆ ಹೋದಾಗೊಮ್ಮೆ ಸುಶೀಲವ್ವ ಕೇಳುತ್ತಿದ್ದಳು, "ಅಲ್ಲ ನಂದಾ, ತೆಗೀಲೇನವ್ವಾ? ಬಿಸಲು ಜೋರ ಐತಿ." ನಂದಾ "ಬ್ಯಾಡ್ರಿ" ಎನ್ನುತ್ತಿದ್ದಳು. ಕೇಳಿದಷ್ಟೂ ಸುಶೀಲವ್ವನಿಗೆ ಹಿತವಾಗುತ್ತಿತ್ತು. ಎದ್ದು ಹೋಗಿ ಬಟ್ಟೆ ಕಿತ್ತೆಸೆಯಲು ನಂದಾಳಿಗೆ ನಾಲ್ಕು ಹೆಜ್ಜೆ ಸಾಕಾಗಿತ್ತು. ಆಡಿದ ಜಂಬದ ಮಾತು ಅವಳನ್ನು ಕೂತಲ್ಲೇ ಕಟ್ಟಿಹಾಕಿತ್ತು.

ಊಟದ ಹೊತ್ತಿಗೆ ಬಟ್ಟೆ ಒಣಗಿ ಗರಿಗರಿಯಾಯಿತು. ಸುಶೀಲವ್ವ ಎಲ್ಲರೆದುರಿಗೆ ಅದನ್ನು ಎತ್ತಿದಳು. ಬಾನೆಟ್ಟಿನ ನಡುವೆ ಬಣ್ಣ ಸತ್ತು, ಬೂದಿ ಬಳಿದಂತೆ ಮಾಸಲು ಕಲೆಗಳು ಹರಡಿದ್ದವು.

"ಅಯ್ಯ ನಂದವ್ವಾ, ಕೋಟಿಂಗ್ ಅಂದ್ರ ಇಷ್ಟನ ಏನು?" ಎಂದಳು ಮಾಬುಬಿ.

"ಧೂಳದು, ತೊಳದ್ರ ಹೋಗತೈತಿ," ಎಂದು ನಂದಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಮುಖ ಸಣ್ಣದಾಗಿತ್ತು. ಸುಶೀಲವ್ವ ಅದನ್ನು ಕಣ್ತುಂಬ ನೋಡಿದ್ದಳು.

ಆ ಮಧ್ಯಾಹ್ನ ಅವಳು ಹಸಿವಾಗಿ ಉಂಡಳು. ಗಂಡನಿಗೆ ಬಡಿಸುತ್ತ ಸುದ್ದಿಯನ್ನೂ ಬಡಿಸಿದಳು. ಶಂಭುಲಿಂಗಪ್ಪ ಹಿಗ್ಗಲಿಲ್ಲ.

"ಹುಳಿ ಹಾಸಿ ಬಿಸಲಿಗೆ ಬಿಟ್ರ ಯಾವ ಕೋಟಿಂಗ್ ತಡದೀತು? ಬಿದ್ದ ಕಲಿ ಲಗೂನ ತೊಳದ್ರ ಕೋಟಿಂಗ್ ಇಲ್ಲದ ಗಾಡೀನೂ ಚಲೋ ಇರತೈತಿ. ಅಲ್ಲ, ನೀ ಯಾಕ ಅಲ್ಲಿ ಹಾಸಿದಿ?"

"ತಂತಿ ತುಂಬಿತ್ತ್ರಿ."

ಅವನು ಅವಳನ್ನು ಒಂದು ಕ್ಷಣ ನೋಡಿ ರೊಟ್ಟಿ ಮುರಿದುಕೊಂಡ. ಸುಶೀಲವ್ವ ಅಡುಗೆಮನೆಗೆ ಹೋದಳು.

ದೀಪ ಹಚ್ಚುವ ಹೊತ್ತಿಗೆ ನಂದಾ ಹಿತ್ತಲ ಬಾಗಿಲಿನಿಂದ ಬಂದಳು. ಕಣ್ಣು ಊದಿಕೊಂಡಿದ್ದವು. ಸುಶೀಲವ್ವ ಒಲೆಯ ಮುಂದೆ ಒಬ್ಬಳೇ ಇದ್ದಳು. ಜಗಳಕ್ಕೇ ಬಂದಳು ಎಂದುಕೊಂಡು ಸೆರಗು ಸಿಕ್ಕಿಸಿ ಸಿದ್ಧಳಾದಳು. ನಂದಾ ಬಂದವಳೇ ಪಕ್ಕದಲ್ಲಿ ಕುಕ್ಕರಿಸಿ ಅಳತೊಡಗಿದಳು.

"ಅಕ್ಕಾರ, ಯಾರ ಮುಂದೂ ಅನಬ್ಯಾಡ್ರಿ. ಆ ಗಾಡಿಗೆ ಕೋಟಿಂಗೂ ಇಲ್ಲ, ಏನೂ ಇಲ್ಲ. ನಮ್ಮವ್ರೂ ಬ್ಯಾಡ ಅಂದ್ರು. ಕುಂಕುಮಾ ಅವತ್ತ ಸಂಜೀಕೇ ನಾನ ತಿಕ್ಕಿ ತೊಳದಿದ್ದೆ."

ಸುಶೀಲವ್ವನ ಕೈ ನಿಂತಿತು. ಹಾಗಾದರೆ ವರ್ಷವಿಡೀ ತಾನು ಕಂಡ ಹೊಳಪು? ಆ ಉರುಳುವ ಹನಿಗಳು? ತಮ್ಮ ಕಾರಿಗೂ ಅವರ ಕಾರಿಗೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ ಎಂದರೆ, ಇಷ್ಟು ದಿನ ತಾನು ಕಸಬರಿಗೆ ಹಿಡಿದು ನಿಂತು ನೋಡಿದ್ದು ಏನನ್ನು?

"ಮತ್ಯಾಕ ಹಂಗಂದಿ?" ಎಂದಳು.

"ಹೊಟ್ಟಿಕಿಚ್ಚರಿ. ಅತ್ತಿ ನಿಮ್ಮ ಕಡೆ ಬಂದ್ರು. ಊರ ಮಂದಿ ನಿಮ್ಮ ಬಾಗಲಿಗೆ ಬರ್ತಾರ. ಗಾಡೀನೂ ಮೊದ್ಲ ನಿಮಗ ಬಂತು. ಅವತ್ತ ಆರತಿ ಹಿಡ್ಕೊಂಡು ನಕ್ಕೆ ಖರೆ, ರಾತ್ರಿ ಊಟಾ ಸೇರಲಿಲ್ಲ. ನಿಮ್ಮಲ್ಲಿ ಇಲ್ಲದ್ದೊಂದು ನಮ್ಮಲ್ಲಿ ಇರ್ಲಿ ಅಂತ ಬಾಯಿಗೆ ಬಂದದ್ದ ಅಂದೆ."

ಸುಶೀಲವ್ವನಿಗೆ ಮೊದಲು ಆದದ್ದು ಸಂತೋಷ. ತನ್ನನ್ನು ಕಂಡೂ ಒಬ್ಬರು ಹೊಟ್ಟೆ ಉರಿದುಕೊಂಡಿದ್ದಾರೆ, ಅದೂ ಈ ನಂದಾ! ಆ ಮಾತನ್ನು ಇನ್ನೊಮ್ಮೆ ಹೇಳಿಸಬೇಕು ಎನ್ನುವಷ್ಟು ಸಂತೋಷವಾಯಿತು.

"ಹುಳಿ ಅನ್ನೂದು ಗೊತ್ತಿತ್ತಲ್ಲ, ತೆಗೀರಿ ಅನಬೇಕಿಲ್ಲೇನು?"

"ಹೆಂಗ ಅನ್ಲಿ? ಮಾಬುಬಿ ಕುಂತಿದ್ಲು. ನೀವರ ಪಾಪ ಎಷ್ಟ ಸಲ ಕೇಳಿದ್ರಿ, ತೆಗೀಲೇನು, ತೆಗೀಲೇನು ಅಂತ. ನಿಮ್ಮ ಜಾಗಾದಾಗ ನಾ ಇದ್ದಿದ್ರ ಸುಮ್ನ ನೋಡ್ಕೋಂತ ಕುಂದರತಿದ್ದೆ. ಹೊಟ್ಟಿಕಿಚ್ಚು ಅನ್ನೂದು ನಿಮಗ ಗೊತ್ತಿಲ್ಲ ಅಕ್ಕಾರ. ಅದಕ್ಕ ನಿಮ್ಮ ಮುಂದ ಅಷ್ಟ ಹೇಳಾಕತ್ತೀನಿ."

ಒಳಗಿನ ಸಂತೋಷ ಅಲ್ಲಿಯೇ ಸತ್ತುಹೋಯಿತು. ಸುಶೀಲವ್ವನಿಗೆ ನಾಚಿಕೆಯಾಯಿತು, ಹುಟ್ಟಿದಾಗಿನಿಂದ ಆಗದಷ್ಟು ನಾಚಿಕೆ. ಅವಳು ಒಲೆಯ ಕಡೆ ಮುಖ ಮಾಡಿಯೇ ಹೇಳಿದಳು.

"ನಾ ಬೇಕಂತನ ಹಾಸಿದ್ದೆ ನಂದಾ. ಹಿಂಡಲಾರದ ಹಾಸಿದ್ದೆ. ಕೇಳಿದ್ದೂ ನಿನ್ನ ಮಾರಿ ನೋಡಾಕ."

ನಂದಾ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ನನಗ ಕೆಟ್ಟ ಅನಸಬಾರ್ದಂತ ಎಲ್ಲಾ ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ."

"ಇಲ್ಲ, ಖರೇನ ಹೇಳಾಕತ್ತೀನಿ."

"ಸಾಕ ಬಿಡ್ರಿ ಅಕ್ಕಾರ. ನಿಮ್ಮನ್ನ ನಾ ಅರೀನೇನು?" ನಂದಾ ಅವಳ ಕೈಯನ್ನು ಗಟ್ಟಿಯಾಗಿ ಅಮುಕಿ, ಹಗುರಾಗಿ ಎದ್ದು ಹಿತ್ತಲ ಬಾಗಿಲಿನಿಂದ ಹೋದಳು. ಸ್ವಲ್ಪ ಹೊತ್ತಿಗೆ ಆಚೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿಸಿತು.

ಸುಶೀಲವ್ವ ಕೂತಲ್ಲಿಂದ ಏಳಲಿಲ್ಲ. ನಿನಗೆ ಬೇಕೆಂದೇ ಕೇಡು ಮಾಡಿದೆ ಎಂದು ಯಾರಾದರೂ ಬಂದು ಹೇಳಿದ್ದರೆ ತಾನು ಕೇಳಿದ ಕ್ಷಣವೇ ನಂಬುತ್ತಿದ್ದಳು, ಹೇಳುವ ಮೊದಲೇ ನಂಬಿರುತ್ತಿದ್ದಳು. ನಂದಾಳಿಗೆ ಎದುರಿಗೆ ಕೂತು ಹೇಳಿದರೂ ನಂಬಲಾಗಲಿಲ್ಲ. ಅಂಥ ಮನಸ್ಸು ಅವಳಿಗಿದೆ, ತನಗಿಲ್ಲ ಎಂದು ಸುಶೀಲವ್ವನ ಹೊಟ್ಟೆ ಮತ್ತೆ ಉರಿಯತೊಡಗಿತು.