ಚಾಚಾ ಹುಡುಕಿದ ತಪ್ಪು

ಹೋದ ವಾರ ಕಾರಿನಲ್ಲಿ ಇನ್ಶೂರೆನ್ಸ್ ಕಾಗದ ಹುಡುಕುವಾಗ ಬಿಳಿ ಧೋತರದ ತುಂಡೊಂದು ಕೈಗೆ ಬಂತು. ನಡುವೆ ರೂಪಾಯಿ ಅಗಲದ ಕೆಂಪು ಎಣ್ಣೆಯ ಕಲೆ. ಮೂಸಿದೆ. ವಾಸನೆ ಹೆಚ್ಚೇನೂ ಉಳಿದಿರಲಿಲ್ಲ... ಆದರೂ ಸಿಂದಗಿಯ ಚಾಚಾ ಕಣ್ಣ ಮುಂದೆ ಬಂದರು.

ಅವರು ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟಿದ್ದ ಮಿಸ್ತ್ರಿ. ಹೆಚ್ಚಾಗಿ ಟ್ರ್ಯಾಕ್ಟರು, ಜೀಪುಗಳ ಕೆಲಸ. ನನ್ನ ಎಡಗಾಲು ಪೋಲಿಯೋದಿಂದ ಸೊರಗಿದ್ದು; ಕ್ಲಚ್ ತುಳಿಯಲಾರೆ. ಅದಕ್ಕೇ ತಾನೇ ಗೇರು ಬದಲಿಸಿಕೊಳ್ಳುವ ಹಳೆಯ ಆಟೋಮ್ಯಾಟಿಕ್ ಕಾರೊಂದನ್ನು ಕೊಂಡು, ಇಂಡಿ ರಸ್ತೆಯ ಹೈಸ್ಕೂಲಿಗೆ ಗಣಿತ ಕಲಿಸಲು ಹೋಗಿಬರುತ್ತಿದ್ದೆ. ಅದಕ್ಕೂ ಮುಂಚೆ ಯಾರದೋ ಬೈಕಿನ ಹಿಂದೆ ಕೂತು, ಅವರ ಹೊತ್ತಿಗೆ ಹೋಗಿ ಅವರ ಹೊತ್ತಿಗೆ ಬರುತ್ತಿದ್ದವಳು ನಾನು.

ಒಂದು ಬೇಸಿಗೆಯಲ್ಲಿ ಕಾರು ಎಳೆದಾಡತೊಡಗಿತು. ಗೇರು ಬದಲಾಗುವ ಮೊದಲು ಎಂಜಿನ್ ಸುಮ್ಮನೆ ಅರಚುವುದು, ಆಮೇಲೆ ಹಿಂದಿನಿಂದ ಯಾರೋ ಗುದ್ದಿದಂತೆ ಧಡ್ ಎನ್ನುವುದು. ವಿಜಯಪುರದ ದೊಡ್ಡ ಗ್ಯಾರೇಜೊಂದರಲ್ಲಿ ಹತ್ತು ನಿಮಿಷ ನೋಡಿ, "ಗೇರ್‌ಬಾಕ್ಸ್ ಮುಗದೈತ್ರಿ. ಸಾಮಾನ ಸಿಗೂದಿಲ್ಲ, ಗುಜರಿಗೆ ಹಾಕ್ರಿ" ಎಂದರು. ಮತ್ತೆ ಬೈಕಿನ ಹಿಂದಿನ ಸೀಟು ನೆನಪಾಗಿ ಅಳು ಬಂತು.

ನನ್ನ ಕಾರಿನ ಸಣ್ಣಪುಟ್ಟ ಸರ್ವಿಸ್ ಮಾಡುತ್ತಿದ್ದ ಚಾಚಾನ ಬಳಿ ಹೋದೆ. "ಇಂಥಾ ಗೇರ್‌ಬಾಕ್ಸ್ ನಾ ಒಮ್ಮಿನೂ ಬಿಚ್ಚಿಲ್ರಿ ಟೀಚರ್ರ," ಎಂದು ಮೊದಲೇ ಹೇಳಿದರು. "ಆದ್ರ ಗ್ವಾಡಿ ಒಡಿಯೂಕಿಂತ ಮೊದಲ ಬಾಗಲಾ ತಟ್ಟಿ ನೋಡೂಣು."

ಕಾರು ಬಿಸಿಯಾಗುವವರೆಗೆ ಓಡಿಸಿ, ಎಂಜಿನ್ ಚಾಲೂ ಇಟ್ಟೇ ಗೇರ್ ಎಣ್ಣೆಯ ಅಳತೆಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದರು. ಬೆರಳಲ್ಲಿ ತಿಕ್ಕಿದರು, ಮೂಸಿದರು. "ಕೆಂಪಗ ಐತಿ. ಸುಟ್ಟ ವಾಸನಿ ಇಲ್ಲ, ಕಬ್ಬಿಣದ ಪುಡಿ ಇಲ್ಲ. ಗೇರ್‌ಬಾಕ್ಸ್ ಇನ್ನಾ ಜೀವಂತ ಐತ್ರಿ!" ಮುಂದೆ ಎಣ್ಣೆಯ ಬಣ್ಣ ಹೋಲಿಸಿ ನೋಡಲಿಕ್ಕೆಂದು ಆ ಬಟ್ಟೆಯನ್ನು ನನಗೇ ಕೊಟ್ಟರು.

ಆಮೇಲೆ ನನ್ನ ಪಕ್ಕ ಕೂತು ಇಂಡಿ ರಸ್ತೆಗೆ ಹೊರಡಿಸಿದರು. ಮೆಲ್ಲಗೆ, ಜೋರು ಎಂದು ಕೈಸನ್ನೆ ಅಷ್ಟೇ. ನಾನು ಎಷ್ಟು ಹಗುರಾಗಿ ತುಳಿದರೂ ಗೇರು ತಡವಾಗಿ, ಧಡ್ಡನೆಯೇ ಬೀಳುತ್ತಿತ್ತು. ಮರಳುವಾಗ ಕೇಳಿದರು, "ಇದು ಯಾವಾಗಿಂದ ಹಿಂಗ?"

"ನೀವು ಸರ್ವಿಸ್ ಮಾಡಿ ಕೊಟ್ಟಿರಲ್ಲ ಚಾಚಾ, ಆ ವಾರದಿಂದ," ಎಂದೆ, ಏನೂ ಯೋಚಿಸದೆ.

ಅವರು ಗ್ಯಾರೇಜಿಗೆ ಬಂದವರೇ ಬಾನೆಟ್ ಎತ್ತಿ, ಒಂದು ಸಣ್ಣ ಕೇಬಲ್ ಹಿಡಿದು ನೋಡಿದರು. ನಾವು ಎಷ್ಟು ತುಳಿದೆವೆಂಬುದನ್ನು ಗೇರ್‌ಬಾಕ್ಸಿಗೆ ಮುಟ್ಟಿಸುವ ಕೇಬಲ್ ಅದು. ಅದು ಬಿಗಿಯಾಗಿತ್ತು, ನಾನು ಹಗುರಾಗಿ ತುಳಿದರೂ ಗೇರ್‌ಬಾಕ್ಸಿಗೆ ಜೋರಾಗಿ ತುಳಿದಂತೆ ಅನಿಸುತ್ತಿತ್ತು. ಒಂದು ನಟ್ಟು ಸಡಿಲಿಸಿದರು, ಅಳೆದರು, ಮತ್ತೆ ಸಡಿಲಿಸಿದರು. ಮತ್ತೊಮ್ಮೆ ಓಡಿಸಿದೆ. ಗೇರು ಯಾವಾಗ ಬಿತ್ತೆಂಬುದೇ ತಿಳಿಯಲಿಲ್ಲ.

ನನಗೋ ಹಿಗ್ಗು. ಅವರು ಮಾತ್ರ ನಾಲ್ಕು ಗಿರಾಕಿಗಳ ಎದುರಿಗೇ, "ತಪ್ಪು ನಂದ್ರಿ ಟೀಚರ್ರ. ಸರ್ವಿಸ್ ಮಾಡೂಮುಂದ ಕೇಬಲ್ ನಾನ ಬಿಗಿ ಮಾಡೀನಿ. ಸುಮ್ಮನ ನಿಮಗ ತ್ರಾಸ ಆತು," ಎಂದರು.

ಹೇಳದಿದ್ದರೆ ನನಗೆಂದೂ ತಿಳಿಯುತ್ತಿರಲಿಲ್ಲ. ಊರೆಲ್ಲ ಅವರನ್ನು ಹೊಗಳಿಕೊಂಡು ತಿರುಗುತ್ತಿದ್ದೆ. ಅಷ್ಟು ವರ್ಷ ಪಾಠ ಹೇಳಿದವಳು, ಬೋರ್ಡಿನ ಮೇಲೆ ತಪ್ಪಿದಾಗೆಲ್ಲ ಮಕ್ಕಳಿಗೆ ಕಾಣದಂತೆ ಬೇಗ ಒರೆಸಿಬಿಡುತ್ತಿದ್ದೆ... ಆಮೇಲೆ ಹಾಗೆ ಮಾಡಲು ಮನಸ್ಸು ಬರಲಿಲ್ಲ.

ಮರುವರ್ಷ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಈ ಭಾನುವಾರ ಸಿಂದಗಿಗೆ ಹೋದೆ. ಗ್ಯಾರೇಜಿನ ಶಟರ್ ಇಳಿದಿತ್ತು. ಹಿಂದಿನ ಮನೆಯಿಂದ ಅವರ ಹೆಂಡತಿ ನೀರು ತಂದುಕೊಟ್ಟು, ಚಾಚಾ ತೀರಿಹೋಗಿ ವರ್ಷವಾಯಿತೆಂದರು.

"ಹಾಸಗಿ ಹಿಡದಾಗೂ ಕೇಳತಿದ್ರವಾ, ಟೀಚರ್ ಗಾಡಿ ಹೆಂಗೈತೋ ಏನೋ, ಒಮ್ಮಿನೂ ಬರಲಿಲ್ಲಲ್ಲಾ ಅಂತ."

ಅವರು ಕೇಬಲ್ ಸಡಿಲಿಸಿದ ದಿನದಿಂದ ಗಾಡಿ ಒಮ್ಮೆಯೂ ಎಳೆದಾಡಿರಲಿಲ್ಲ. ಅದಕ್ಕೇ ನಾನು ಹೋಗಿರಲಿಲ್ಲ.