ಜೇಬಕ್ಕನ ಒಳಜೇಬುಗಳು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಅವಳು ಜೇಬಕ್ಕ. ಜಿಪ್ಪು ಬದಲಾಯಿಸುವುದು, ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಪರದೆಗಳಿಗೆ ಅಂಚು ಹೊಲಿಯುವುದು ಅವಳ ನಿತ್ಯದ ಕೆಲಸ. ಹೆಸರು ಬಂದದ್ದು ಮಾತ್ರ ಕಣ್ಣಿಗೆ ಕಾಣದ ಇನ್ನೊಂದು ಕೆಲಸದಿಂದ. ಹೆಂಗಸರ ಬಟ್ಟೆಗೂ ಜೇಬು ಬೇಕೆಂದು ಅಂಗಡಿಯವರಿಗೆ ಯಾಕೋ ತೋಚುವುದೇ ಇಲ್ಲ. ಜೇಬಕ್ಕ ಇಡುತ್ತಿದ್ದಳು. ಅದೂ ಹೊರಗಲ್ಲ, ಅಸ್ತರಿನ ಹಿಂದೆ, ಒಳಲಂಗದ ನೆರಿಗೆಯ ಮರೆಯಲ್ಲಿ. ದುಡ್ಡು ಇಟ್ಟಮೇಲೆ ಜೇಬಿನ ಬಾಯನ್ನೂ ಹೊಲಿದುಬಿಡುತ್ತಿದ್ದಳು. ಬಾಯಿ ತೆರೆದ ಜೇಬಿಗೆ ಕೈ ತಾನಾಗಿಯೇ ಹೋಗುತ್ತದೆ, ಅದು ನಿಮ್ಮ ಕೈಯಾದರೂ ಸರಿ, ಇನ್ನೊಬ್ಬರದಾದರೂ ಸರಿ ಎನ್ನುವುದು ಅವಳ ಮಾತು.

ಯಾವ ಬಟ್ಟೆ ತರಬೇಕು ಎಂದು ಕೇಳಿದರೆ, ಮನೆಯ ಗಂಡಸರು ಒಗೆಯದ, ಮಡಚದ, ಎತ್ತಿಡದ ಬಟ್ಟೆ ತನ್ನಿ ಎನ್ನುತ್ತಿದ್ದಳು. ಹಾಗಾದರೆ ಮನೆಯಲ್ಲಿರುವ ಯಾವ ಬಟ್ಟೆಯಾದರೂ ಆದೀತು ಎಂದು ಮೂರನೆಯ ಮಹಡಿಯ ಟೀಚರ್ ಒಮ್ಮೆ ನಕ್ಕಿದ್ದರು.

ಜೇಬು ಬಿಚ್ಚಿಸಲು ಬಂದವರನ್ನು ಯಾಕೆ ಎಂದು ಅವಳು ಕೇಳುತ್ತಿರಲಿಲ್ಲ. ಅದೊಂದು ನಿಯಮ. ಒಬ್ಬಳು ಬಿಚ್ಚಿಸಿಕೊಂಡು ಹಲ್ಲು ಕಟ್ಟಿಸಿಕೊಂಡಳು. ಒಬ್ಬಳು ಮಗಳನ್ನು ಕಾಲೇಜಿಗೆ ಸೇರಿಸಿದಳು. ಇನ್ನೊಬ್ಬಳು ಒಂದು ಬೆಳಿಗ್ಗೆ ಚೀಲ ಹಿಡಿದು ಹೋದವಳು ತಿರುಗಿ ಬರಲಿಲ್ಲ; ಅವಳ ಗಂಡ ಬಂದು ಬಾಗಿಲಲ್ಲಿ ನಿಂತು ವಿಚಾರಿಸಿದಾಗ ಜೇಬಕ್ಕನ ಬಾಯಿ ತುಂಬ ಗುಂಡುಪಿನ್ನು. ತುಟಿಗಳ ನಡುವೆ ಪಿನ್ನು ಕಚ್ಚಿಕೊಂಡು ಅವಳು "ಹ್ಞೂಂ", "ಊಹೂಂ" ಎಂದಷ್ಟೇ ಅಂದಳು. ಕಷ್ಟದ ಪ್ರಶ್ನೆ ಬರುವ ಸೂಚನೆ ಕಂಡರೆ ಸಾಕು, ಅವಳ ಕೈ ಪಿನ್ನಿನ ಡಬ್ಬಿಗೆ ಹೋಗುತ್ತಿತ್ತು.

ಅವಳ ಹೊಲಿಗೆಯಂತ್ರ ಇದ್ದದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ. ಒಲೆಯ ಮೇಲಿನ ಪಾತ್ರೆ ಉಕ್ಕಿದರೆ ಎಡಗೈ ಚಾಚಿ ಉರಿ ತಗ್ಗಿಸಬಹುದಾದಷ್ಟು ಹತ್ತಿರ. ನೆಂಟರು ಬಂದರೆ ಯಂತ್ರದ ಮೇಲೊಂದು ಬಟ್ಟೆ ಹೊದಿಸಿ ನೀರಿನ ಜಗ್ಗು ಇಡುತ್ತಿದ್ದರು. ಆಗ ಅದು ಮೇಜು, ಅವಳು ಮನೆಯಾಕೆ. ಗಂಡ ಬಸ್ ಡಿಪೋದಲ್ಲಿ ಮೇಲ್ವಿಚಾರಕ. ಅವನು ತರುವುದು ಸಂಬಳ, ಇವಳದು ಕೈಖರ್ಚು. ಹಾಲು, ಸೋಪು, ಔಷಧಿ, ಕೆಟ್ಟ ನಲ್ಲಿಯ ರಿಪೇರಿ ಎಲ್ಲವೂ ಆ ಕೈಖರ್ಚಿನಲ್ಲೇ ನಡೆಯುತ್ತಿದ್ದವು. ಗಂಡ ಕೆಟ್ಟ ಮನುಷ್ಯನೇನಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ "ಅಡುಗೆ ಆಯ್ತಾ?" ಎಂದು ಕೇಳುತ್ತಿದ್ದ. ಮದುವೆಯಾದ ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆ ಬದಲಾಗಿರಲಿಲ್ಲ, ಉತ್ತರವೂ.

ಅವಳು ಮೇಡಂ ಎಂದು ಕರೆಯತೊಡಗಿದವರು ಬಂದದ್ದು ತಪ್ಪು ನಂಬರಿನಿಂದ. ಪರದೆಯ ಅಂಗಡಿಯಾ ಎಂದು ಯಾರೋ ಫೋನಿಗೆ ಮೆಸೇಜು ಹಾಕಿದ್ದರು. ಅಂಗಡಿಯಲ್ಲ, ಆದರೆ ಪರದೆ ಹೊಲಿಯುತ್ತೇನೆ ಎಂದು ಜೇಬಕ್ಕ ಬರೆದಳು. ಆ ಕಡೆಯವರು ಕ್ಷಮೆ ಕೇಳಿದರು, ನಿಮ್ಮ ಮಾತು ಎಷ್ಟು ಮೃದು ಎಂದರು. ಫೋಟೋದಲ್ಲಿ ನರೆಗೂದಲಿನ ಒಬ್ಬ ಹೆಂಗಸು ಬಾಲ್ಕನಿಯಲ್ಲಿ ಕೂತು ನಗುತ್ತಿದ್ದಳು. ಮಾರನೆಯ ಮಧ್ಯಾಹ್ನ, ಪಾತ್ರೆ ತೊಳೆದು ಯಂತ್ರದ ಮುಂದೆ ಕೂರುವ ಹೊತ್ತಿಗೆ ಸರಿಯಾಗಿ ಮತ್ತೊಂದು ಮೆಸೇಜು: ಊಟ ಆಯ್ತಾ ಅಕ್ಕ?

ಅಡುಗೆ ಆಯ್ತಾ ಎಂದಲ್ಲ. ಊಟ ಆಯ್ತಾ ಎಂದು.

ಆಮೇಲೆ ಬೆನ್ನು ನೋವಿನ ವಿಚಾರ ಬಂತು, ಕಣ್ಣಿನ ವಿಚಾರ ಬಂತು. ಹೊಸ ಕನ್ನಡಕ ಮಾಡಿಸಿಕೊಂಡಿರಾ ಎಂದು ಮೇಡಂ ಎರಡು ಸಲ ನೆನಪಿಸಿದರು. ಕ್ರಿಪ್ಟೊ ಎಂಬ ಪದ ಬಂದದ್ದು ಎಷ್ಟೋ ದಿನದ ಮೇಲೆ, ಅದೂ ನಿಮಗಿದೆಲ್ಲ ಬೇಡ ಬೇಡವೆಂದು ಮೇಡಂ ಹೇಳುತ್ತಲೇ. ಇದು ಕಂಪ್ಯೂಟರಿನಲ್ಲಿರುವ ನಾಣ್ಯ, ಕೈಯಲ್ಲಿ ಹಿಡಿಯಲಾಗದು, ಹಾಗಾಗಿ ಮನೆಯವರ ಕೈಗೂ ಸಿಗದು, ನಿಮ್ಮ ಒಳಜೇಬಿನ ಹಾಗೇ ಎಂದರು. ಒಳಜೇಬಿನ ಕತೆಯನ್ನು ಅವರಿಗೆ ಹೇಳಿದವಳು ಇವಳೇ. ಒಂದು ಆ್ಯಪ್ ಹಾಕಿಸಿದರು. ಅದರಲ್ಲಿ ಹಸಿರು ಗೆರೆಯೊಂದು ಮೇಲೇರುತ್ತಿತ್ತು. ಮೊದಲ ಸಲ ಸ್ವಲ್ಪ ಹಾಕಿ ತೆಗೆದು ನೋಡಿ ಎಂದರು. ಹಾಕಿದ್ದಕ್ಕಿಂತ ಹೆಚ್ಚೇ ಬ್ಯಾಂಕಿಗೆ ಬಂತು. ಆ ದುಡ್ಡಿನಲ್ಲಿ ಅವಳು ಕನ್ನಡಕ ಮಾಡಿಸಿಕೊಂಡಳು.

ಹೊಸ ಕನ್ನಡಕದ ಖುಷಿಯಲ್ಲಿ, ಮೇಡಂ ಹೇಳಿ ಬೀದಿಯ ಹೆಂಗಸರನ್ನು ಸೇರಿಸಿ ಕಟ್ಟಿಸಿದ ಫೋನ್ ಗ್ರೂಪಿಗೆ ತನ್ನ ದನಿಯಲ್ಲೇ ಒಂದು ಮಾತು ರೆಕಾರ್ಡ್ ಮಾಡಿ ಹಾಕಿದಳು: "ನಾನು ಜೇಬಕ್ಕ. ನನಗೆ ದುಡ್ಡು ಬಂತು. ನಂಬಿಕೆ ಇದ್ದವರು ಸೇರಬಹುದು." ಬೀದಿಯ ಹೆಂಗಸರಿಗೆ ಆ್ಯಪಿನ ಮೇಲೆ ನಂಬಿಕೆ ಇರಲಿಲ್ಲ, ನಾಣ್ಯದ ಮೇಲೂ ಇರಲಿಲ್ಲ. ಜೇಬಕ್ಕನ ದನಿಯ ಮೇಲಿತ್ತು. ಟೀಚರ್ ಬಂದು ತಮ್ಮ ಕೋಟಿನ ಅಸ್ತರು ಬಿಚ್ಚಿಸಿಕೊಂಡು ಹೋದರು. ಅವಳು ನಿಯಮದಂತೆ ಏನೂ ಕೇಳಲಿಲ್ಲ. ತನ್ನ ಸ್ವಂತ ಜೇಬನ್ನೂ, ಹಳೆಯ ಒಳಲಂಗದಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟಿದ್ದದ್ದನ್ನು, ಬಿಚ್ಚಿ ಪೂರ್ತಿ ಹಾಕಿದಳು.

ತೆಗೆಯಲು ಹೋದಾಗ ಆ್ಯಪ್ ತೆರಿಗೆ ಕೇಳಿತು. ಮೊದಲು ತೆರಿಗೆ ಕಟ್ಟಿ, ಆಮೇಲೆ ನಿಮ್ಮ ಹಣ. ಕಟ್ಟಿದಳು. ಆಮೇಲೆ ಖಾತೆಗೆ ಬೀಗ ಬಿದ್ದಿದೆ ಎಂದಿತು. ಫೋನ್ ಮಾಡಿ ಮಾತಾಡೋಣ, ಒಮ್ಮೆ ಮುಖ ನೋಡೋಣ ಎಂದು ಬರೆದರೆ, ನೆಟ್‌ವರ್ಕ್ ಸರಿಯಿಲ್ಲ ಅಕ್ಕ, ಊಟ ಮಾಡಿದಿರಾ ಎಂದು ಉತ್ತರ ಬಂತು. ಕೊನೆಗೊಂದು ದಾರಿ ಹೇಳಿದರು: ಇನ್ನೊಬ್ಬರನ್ನು ಸೇರಿಸಿ, ಅವರ ದುಡ್ಡು ಒಳಗೆ ಬಂದ ಕೂಡಲೇ ನಿಮ್ಮದು ಹೊರಗೆ ಬರುತ್ತದೆ. ಜೇಬಕ್ಕನಿಗೆ ಅನುಮಾನ ಬಂದಿರಲಿಲ್ಲವೆಂದಲ್ಲ. ಅನುಮಾನವನ್ನು ಮಡಚಿ ಎತ್ತಿಟ್ಟಳು, ಮನೆಯ ಎಲ್ಲರ ಬಟ್ಟೆಗಳನ್ನು ಮಡಚಿ ಎತ್ತಿಡುವ ಹಾಗೆ.

ಆ ಇನ್ನೊಬ್ಬಳು ತಾನಾಗಿಯೇ ಬಂದಳು. ಮೆಟ್ಟಿಲ ಕೆಳಗಿನ ಜಾಗದಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು ಬಟ್ಟೆಗೆ ಇಸ್ತ್ರಿ ಹಾಕುವವಳು. ನಿಂತೂ ನಿಂತೂ ಅವಳ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿ ಗಂಟುಕಟ್ಟಿದ್ದವು. ಆಪರೇಷನ್ ಮಾಡಿಸದಿದ್ದರೆ ಹುಣ್ಣಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆಂದೇ ಕೂಡಿಟ್ಟದ್ದು ಅವಳ ಒಳಲಂಗದಲ್ಲಿ ಭದ್ರವಾಗಿತ್ತು, ಜೇಬಕ್ಕನದೇ ಹೊಲಿಗೆ. ಅಂದು ಡಿಪೋಗೆ ರಜೆ. ಗಂಡ ಒಳಕೋಣೆಯಲ್ಲಿ ಪೇಪರು ಹಿಡಿದು ಕೂತಿದ್ದ. ಇಸ್ತ್ರಿಯವಳು ಒಳಲಂಗವನ್ನು ಯಂತ್ರದ ಮೇಲಿಟ್ಟು, ದನಿ ತಗ್ಗಿಸಿ, ಬಿಚ್ಚು ಅಕ್ಕ ಎಂದಳು. ನೀನು ಹಾಕಿದ ಕಡೆಗೇ ನಾನೂ ಹಾಕ್ತೀನಿ, ಕಾಲೂ ಸರಿಯಾಗಲಿ, ಮಿಕ್ಕಿದರೆ ಬಾಡಿಗೆಗೊಂದು ಗೂಡಂಗಡಿನೂ ಆಗಲಿ ಎಂದಳು.

ಜೇಬಕ್ಕ ಬಾಯಿಗೆ ಪಿನ್ನು ತುಂಬಿಕೊಂಡಳು. ಚಿಕ್ಕ ಕತ್ತರಿ ತೆಗೆದು ಮೊದಲ ಹೊಲಿಗೆ ಕತ್ತರಿಸಿದಳು. ಎರಡನೆಯದನ್ನೂ. ಇದು ಒಳಗೆ ಹೋದರೆ ನನ್ನದು ಹೊರಗೆ ಬರುತ್ತದೆ ಎಂಬ ಒಂದೇ ಯೋಚನೆ ಕತ್ತರಿಯ ಜೊತೆ ಬಾಯಿ ತೆರೆದು ಮುಚ್ಚುತ್ತಿತ್ತು. ಇಸ್ತ್ರಿಯವಳ ಕಾಲುಗಳನ್ನು ಅವಳು ದಿನವೂ ಮೆಟ್ಟಿಲಿಳಿಯುವಾಗ ನೋಡುತ್ತಿದ್ದಳು. ಈಗ ನೋಡಲಿಲ್ಲ.

ಇಸ್ತ್ರಿಯವಳು ಕಾಯುತ್ತ ಫೋನು ಚಾಚಿದಳು. ಮೇಡಂ ತನಗೂ ಬರೆಯುತ್ತಾರೆ, ಎಷ್ಟು ಒಳ್ಳೆಯವರು ನೋಡು ಎಂದಳು. ಜೇಬಕ್ಕ ಹೊಸ ಕನ್ನಡಕ ಸರಿಮಾಡಿಕೊಂಡು ಓದಿದಳು.

ದಿನವೆಲ್ಲ ಕೂತು ಕೂತು ಬೆನ್ನು ನೋಯುತ್ತಿರಬೇಕಲ್ಲ ಅಕ್ಕ? ಕೆಲಸ ಎಲ್ಲಿಗೂ ಓಡಿಹೋಗಲ್ಲ. ಎದ್ದು ಎರಡು ಹೆಜ್ಜೆ ಓಡಾಡಿ. ನಿಮ್ಮನ್ನು ನೋಡಿಕೊಳ್ಳುವವರು ಯಾರು?

"ನಾನು ಕೂತಿದ್ದನ್ನ ನೋಡಿದೀಯಾ ಯಾವತ್ತಾದ್ರೂ?" ಎಂದು ಇಸ್ತ್ರಿಯವಳು ನಕ್ಕಳು. "ಪಾಪ, ಅವರಿಗೇನು ಗೊತ್ತು. ಕೇಳಿದ್ರಲ್ಲ, ಅಷ್ಟೇ ಸಾಕು."

ಒಂದು ಅಕ್ಷರವೂ ಹೆಚ್ಚುಕಮ್ಮಿ ಇಲ್ಲದೆ ಅದೇ ಮೆಸೇಜು ಜೇಬಕ್ಕನ ಫೋನಿನಲ್ಲಿತ್ತು. ಆ ದಿನ ಅದನ್ನು ಓದಿ ಅವಳು ನಿಜವಾಗಿಯೂ ಯಂತ್ರ ಬಿಟ್ಟೆದ್ದು ಓಣಿಯಲ್ಲಿ ಎರಡು ಹೆಜ್ಜೆ ಓಡಾಡಿದ್ದಳು, ಹೊಸದಾಗಿ ಮದುವೆಯಾದವಳ ಹಾಗೆ ತನ್ನಷ್ಟಕ್ಕೆ ತಾನೇ ನಗುತ್ತ. ಮೊದಲು ಅವಳಿಗಾದದ್ದು ಹೊಟ್ಟೆಕಿಚ್ಚು. ಆಮೇಲೆ ವಿಷಯ ತಿಳಿಯಿತು. ತನ್ನ ಅಳತೆಗೆ ಹೊಲಿಸಿದ್ದೆಂದು ತೊಟ್ಟು ಓಡಾಡಿದ ಮಾತು ಅಂಗಡಿಯ ರೆಡಿಮೇಡು. ರಾಶಿಯಿಂದ ಒಂದೊಂದು ಎತ್ತಿ ಎಲ್ಲರ ಮೇಲೆ ಎಸೆಯುತ್ತಿದ್ದರು. ನಿಂತು ದುಡಿಯುವವಳ ಮೇಲೂ. ದುಡ್ಡು ಹೋದದ್ದಕ್ಕಿಂತ, ಒಂದು "ಊಟ ಆಯ್ತಾ" ಎಂಬ ಮಾತಿಗೆ ತಾನು ಅಷ್ಟು ಹಸಿದಿದ್ದೆ ಎನ್ನುವುದು ಅವಳನ್ನು ಹೆಚ್ಚು ನಾಚಿಸಿತು. ಅದಕ್ಕಿಂತಲೂ ಹೆಚ್ಚು ನಾಚಿಸಿದ್ದು ತನ್ನ ಕೈಯಲ್ಲಿದ್ದ ಕತ್ತರಿ.

ಕತ್ತರಿ ನಿಂತಿತು. ಯಾಕೆ ನಿಲ್ಲಿಸಿದೆ ಎಂದು ಇಸ್ತ್ರಿಯವಳು ಕೇಳಿದಳು. ಜೇಬಕ್ಕ ತಲೆಯಾಡಿಸಿದಳು, ಬಿಚ್ಚುವುದಿಲ್ಲ ಎಂಬಂತೆ.

ಇಸ್ತ್ರಿಯವಳ ಮುಖ ಬಿಗಿಯಿತು. "ನೀನೊಬ್ಬಳೇ ಸಾಹುಕಾರ್ತಿ ಆಗ್ಬೇಕಾ? ನನ್ನ ದುಡ್ಡಿಗೆ ಬೇಡ ಅನ್ನೋಕೆ ಮನೇಲಿ ಒಬ್ಬ ಇದ್ದಾನೆ ಅಕ್ಕ. ನೀನೂ ಬೇಕಿಲ್ಲ."

ಒಳಕೋಣೆಯಲ್ಲಿ ಪೇಪರು ಸರಕ್ಕೆಂದಿತು. ಬಾಯಲ್ಲಿ ಪಿನ್ನಿತ್ತು, ಹ್ಞೂಂ ಎಂದೋ ಊಹೂಂ ಎಂದೋ ಒಂದು ಸದ್ದು ಮಾಡಿ, ತಲೆನೋವು, ನಾಳೆ ಬಾ ಎಂದು ಸನ್ನೆ ಮಾಡಬಹುದಿತ್ತು. ಆದರೆ ನಾಳೆ ಇವಳು ತಾನೇ ಬ್ಲೇಡು ಹಾಕಿ ಬಿಚ್ಚಿಕೊಳ್ಳುತ್ತಾಳೆ. ಜೇಬಕ್ಕ ಪಿನ್ನುಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದು ಯಂತ್ರದ ಪಕ್ಕದ ಪುಟ್ಟ ಪಿನ್ನುದಿಂಬಿಗೆ ಚುಚ್ಚಿದಳು. ಕೊನೆಯದನ್ನು ಚುಚ್ಚಿದ ಮೇಲೆ ಬಾಯಿ ಬರಿದಾಯಿತು.

"ನನ್ನ ದುಡ್ಡು ಬಂದಿಲ್ಲ ಕಣೇ. ಬರೋದೂ ಇಲ್ಲ."

"ಬಂತು ಅಂದ್ಯಲ್ಲ. ನಿನ್ನ ದನಿನೇ ಅದು, ನಾನೇ ಕೇಳಿದೀನಿ."

"ಅವತ್ತು ಬಂದಿದ್ದು ಗಾಳಕ್ಕೆ ಸಿಕ್ಕಿಸಿದ ಎರೆಹುಳ. ಆಮೇಲೆ ನಾನೇ ಎರೆಹುಳ ಆದೆ."

ತೆರಿಗೆಯ ವಿಷಯ, ಮುಖ ತೋರಿಸದ ವಿಷಯ, ತನ್ನ ಫೋನಿನಲ್ಲಿದ್ದ ಅದೇ ಮೆಸೇಜು, ಎಲ್ಲವನ್ನೂ ಹೇಳಿ ತೋರಿಸಿದಳು. ಇಸ್ತ್ರಿಯವಳು ಎರಡು ಫೋನುಗಳನ್ನು ಪಕ್ಕಪಕ್ಕದಲ್ಲಿ ಹಿಡಿದು ಬೆರಳಿಟ್ಟು ಓದಿದಳು. ಓದಿ ಮುಗಿಸಿ ಕೇಳಿದ್ದು ಒಂದೇ.

"ನಿನಗೆ ಯಾವಾಗ ಗೊತ್ತಾಯ್ತು?"

"ತೆರಿಗೆ ಕೇಳಿದಾಗಲೇ ಅನುಮಾನ ಬಂತು."

"ಮತ್ತೆ ಈಗ ಹೊಲಿಗೆ ಬಿಚ್ತಾ ಇದ್ದೆ."

ಜೇಬಕ್ಕ ತಲೆ ಎತ್ತಲಿಲ್ಲ. "ಇನ್ನೊಬ್ಬರು ಸೇರಿದ್ರೆ ನಂದು ಬಿಡ್ತೀವಿ ಅಂದಿದ್ರು."

ಅಷ್ಟರಲ್ಲಿ ಗಂಡ ಪೇಪರು ಹಿಡಿದುಕೊಂಡೇ ಬಾಗಿಲಿಗೆ ಬಂದ. ಏನು, ಎಷ್ಟು, ಯಾರಿಗೆ ಎಂದು ವಿಚಾರಿಸಿದ. ಅವಳು ಹೇಳಿದಳು. ಕೈಖರ್ಚಿನಲ್ಲಿ ಇಷ್ಟು ಉಳಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಹೋದದ್ದಕ್ಕಿಂತ ಇದ್ದದ್ದೇ ಅವನಿಗೆ ಹೆಚ್ಚು ನೋವು ಕೊಟ್ಟಂತೆ ಕಂಡಿತು. "ಮನೇಲಿ ಕೂತಿರೋ ಹೆಂಗಸರಿಗೆ ಫೋನು ಕೊಟ್ರೆ ಇನ್ನೇನಾಗುತ್ತೆ," ಎಂದ.

"ನಾನು ಕೂತಿಲ್ಲ ಅಣ್ಣ, ನಿಂತಿದೀನಿ," ಎಂದಳು ಇಸ್ತ್ರಿಯವಳು.

ಅವನು ಅಡುಗೆ ಆಯ್ತಾ ಎಂದೂ ಕೇಳದೆ ಒಳಗೆ ಹೋದ.

ಜೇಬಕ್ಕ ಸೂಜಿಗೆ ದಾರ ಪೋಣಿಸಿದಳು, ಕತ್ತರಿಸಿದ್ದನ್ನು ಮತ್ತೆ ಹೊಲಿದುಕೊಡಲು. ಇಸ್ತ್ರಿಯವಳು ಕೈ ಚಾಚಿದಳು. "ಇಲ್ಲಿ ಕೊಡು. ನಾನೇ ಹಾಕ್ಕೋತೀನಿ."

ಬಿಸಿ ಇಸ್ತ್ರಿ ಹಿಡಿದು ಒರಟಾದ ಬೆರಳುಗಳಿಗೆ ಸೂಜಿ ನಿಲ್ಲುತ್ತಿರಲಿಲ್ಲ. ಒಂದು ಹೊಲಿಗೆ ಮೇಲೆ, ಒಂದು ಕೆಳಗೆ, ಅಂಕುಡೊಂಕು. ಸರಿಮಾಡಲು ಜೇಬಕ್ಕನ ಕೈ ಮಿಡುಕಿತು, ಮಡಿಲಲ್ಲೇ ಹಿಡಿದಿಟ್ಟುಕೊಂಡಳು. ಆಗ ಅವಳಿಗೆ ತಾನು ಕೂತ ಸ್ಟೂಲು ನೆನಪಾಯಿತು. ಇಷ್ಟು ವರ್ಷಗಳಲ್ಲಿ ಈ ಹೆಂಗಸು ಎಷ್ಟೋ ಸಲ ಇಲ್ಲಿ ನಿಂತು ಹೋಗಿದ್ದಾಳೆ, ಕೂತುಕೋ ಎಂದು ಒಮ್ಮೆಯೂ ಅಂದದ್ದಿಲ್ಲ. ಎದ್ದು ಸ್ಟೂಲನ್ನು ಅವಳ ಕಡೆ ತಳ್ಳಿದಳು. ಇಸ್ತ್ರಿಯವಳು ಅದನ್ನು ನೋಡಿದಳು, ಕೂರಲಿಲ್ಲ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಒಳಲಂಗ ಮಡಚಿ ಕಂಕುಳಲ್ಲಿಟ್ಟುಕೊಂಡಳು.

"ಟೀಚರ್ ಇನ್ನೂ ದುಡ್ಡು ಹಾಕ್ತಾ ಇದಾರೆ, ಗೊತ್ತಾ?" ಎಂದಳು ಬಾಗಿಲಲ್ಲಿ. "ಮೊದಲು ಅಲ್ಲಿಗೆ ಹೋಗು. ಆಮೇಲೆ ಬ್ಯಾಂಕಿಗೆ, ಪೊಲೀಸರಿಗೆ. ನಾಚಿಕೆ ಕೊನೇಲಿ ಪಟ್ಕೋ."

ಜೇಬಕ್ಕ ಫೋನು ಬಾಯಿಯ ಹತ್ತಿರ ಹಿಡಿದು ಗ್ರೂಪಿಗೆ ಇನ್ನೊಮ್ಮೆ ಮಾತಾಡಿದಳು. ನಾನು ಜೇಬಕ್ಕ, ಮೊದಲು ಹೇಳಿದ್ದು ಸುಳ್ಳಾಯಿತು. ಗುರುತಿಲ್ಲದ ನಂಬರಿನಿಂದ ಅಕ್ಕರೆ ಬಂದು, ಅದರ ಹಿಂದೆಯೇ ದುಡ್ಡಿನ ಮಾತು ಬಂದರೆ ಅಲ್ಲೇ ನಿಲ್ಲಿಸಿ. ದುಡ್ಡು ಕೊಡಲು ಮೊದಲು ದುಡ್ಡು ಕೇಳಿದರೆ, ಇನ್ನೊಬ್ಬರನ್ನು ಕರೆತನ್ನಿ ಎಂದರೆ, ಅದು ಮೋಸ. ಕಳುಹಿಸಿದ ಬೆನ್ನಿಗೇ ಮೇಡಂ ಅವಳನ್ನು ಗ್ರೂಪಿನಿಂದ ತೆಗೆದುಹಾಕಿದರು. ಯಾರು ಕೇಳಿಸಿಕೊಂಡರೋ, ಯಾರು ಇಲ್ಲವೋ ತಿಳಿಯಲಿಲ್ಲ. ಮನೆ ಮನೆಗೆ ಹೋಗುವುದೊಂದೇ ಉಳಿದ ದಾರಿ.

ಮೂರನೆಯ ಮಹಡಿಗೆ ಹತ್ತಿ ಕರೆಗಂಟೆ ಒತ್ತಿದಳು. ಟೀಚರ್ ಒದ್ದೆ ಕೈಯಲ್ಲೇ ಬಾಗಿಲು ತೆರೆದರು. ಒಳಗೆ ತೊಟ್ಟಿಯಲ್ಲಿ ನೀರು ಸುರಿಯುತ್ತಿತ್ತು, ತೊಳೆಯುವ ಪಾತ್ರೆ ಅರ್ಧದಲ್ಲಿತ್ತು. ಇವಳನ್ನು ಕಂಡು ಎಂದಿನಂತೆ ನಕ್ಕು, ಎಂದಿನಂತೆ ಕೇಳಿದರು, "ಊಟ ಆಯ್ತಾ ಜೇಬಕ್ಕ?"

ಈ ಬಾಗಿಲಿಗೆ ಬಂದಾಗಲೆಲ್ಲ ಅವರು ಅದನ್ನು ಕೇಳಿದ್ದರು. ಅವಳು ಒಮ್ಮೆಯೂ ಕಿವಿಗೆ ಹಾಕಿಕೊಂಡಿರಲಿಲ್ಲ.

"ಇಲ್ಲ ಟೀಚರ್," ಎಂದಳು.

"ಹಾಗಾದ್ರೆ ಒಳಗೆ ಬಾ, ಕೂತ್ಕೋ."

"ಬೇಡ," ಎಂದಳು ಜೇಬಕ್ಕ. "ಇಲ್ಲೇ ನಿಂತು ಹೇಳ್ತೀನಿ."