ಅಂಗಡಿಗೆ ಬರಬೇಕಿದ್ದ ಫೋನು

ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಮೆಣಸಿನಕಾಯಿ ಘಾಟಿಗೆ ಸೀನು ಬರುವುದಿಲ್ಲ. ಬಂದರೆ ಅವರು ಪರವೂರಿನವರು ಎಂದು ತಿಳಿಯಬೇಕು. ಇಷ್ಟು ಸಣ್ಣ ಸಂಗತಿ ಬೇಕಾದ ಹೊತ್ತಿಗೆ ನಮ್ಮ ಮನೆಯಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಹಾಗಾಗಿ ಇವತ್ತಿಗೂ ಯಾರಾದರೂ ಪಕ್ಕದಲ್ಲಿ ಸೀನಿದರೆ ನಾನು ತಲೆ ತಗ್ಗಿಸುತ್ತೇನೆ. ಅವರು ಪಾಪ, ತಮ್ಮ ಸೀನಿನಿಂದ ನನಗೆ ಬೇಜಾರಾಯಿತೆಂದು ಕ್ಷಮೆ ಕೇಳುತ್ತಾರೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಸರಕಾರಿ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿದ್ದೆ. ಅಪ್ಪ ಊರಿನ ಒಂದು ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ತೂಕ ಮಾಡುವ ಕೆಲಸಕ್ಕಿದ್ದ. ಮದ್ರಾಸು, ಮುಂಬಯಿಗಳಿಂದ ಬಂದ ಖರೀದಿದಾರರು ಸಾವುಕಾರರ ಜೊತೆ ಇಂಗ್ಲಿಷಿನಲ್ಲಿ ಮಾತಿಗಿಳಿದರೆ ಅಪ್ಪ ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಲ್ಲುತ್ತಿದ್ದ. ಆ ಮಾತು ತಿಳಿಯುವವನೊಬ್ಬ ನಮ್ಮ ಮನೆಯಲ್ಲೂ ಇರಬೇಕೆಂಬ ಹುಚ್ಚು ಅವನಿಗೆ ಹತ್ತಿತ್ತು. ಹಾವೇರಿಯಲ್ಲಿ ಶಾಲೆಗಳಿಲ್ಲವೇನು ಎಂದು ಓಣಿಯವರು ಕೇಳಿದರು. ಅಪ್ಪನಿಗೆ ರಾಣೆಬೆನ್ನೂರಿನ ಆ ಖಾಸಗಿ ಇಂಗ್ಲಿಷ್ ಶಾಲೆಯೇ ಆಗಬೇಕಿತ್ತು.

ನನಗೆ ಬರುತ್ತಿದ್ದ ವಿದ್ಯೆ ಒಂದೇ: ಕಂಡವರ ನಕಲು ಮಾಡುವುದು. ಕಂಡಕ್ಟರನ ಸೀಟಿ ಊದಿ ನಿಂತ ಬಸ್ಸು ಹೊರಡಿಸಿದ್ದೆ. ನಮ್ಮ ಮಾಸ್ತರರ ಕೆಮ್ಮು ಕೆಮ್ಮಿ ಇಡೀ ವರ್ಗವನ್ನು ಎದ್ದು ನಿಲ್ಲಿಸಿದ್ದೆ. ಬೇರೆ ಯಾರೂ ಸಿಗದಿದ್ದರೆ, ಅವ್ವ ಬೈಯುವಾಗ ಮೂಗು ಉಜ್ಜುತ್ತ ನಿಲ್ಲುವ ನನ್ನ ನಕಲನ್ನೇ ಮಾಡಿ ಅವ್ವನನ್ನು ನಗಿಸುತ್ತಿದ್ದೆ.

ಶಾಲೆಯಿಂದ ಸಂದರ್ಶನಕ್ಕೆ ಕರೆ ಬಂತು. ದೊಡ್ಡವರ ಹತ್ತಿರ ಬರಿಗೈಲಿ ಹೋಗುವುದುಂಟೆ? ಬೇರೆ ಊರಿನವರು ಬಾಳೆಹಣ್ಣು ಒಯ್ಯುತ್ತಾರೆ, ನಾವು ಆ ವರ್ಷದ ಮೆಣಸಿನಕಾಯಿ ಒಯ್ಯುತ್ತೇವೆ. ಅವ್ವ ಒಳ್ಳೆಯ ಕಾಯಿಗಳನ್ನು ಒಂದೊಂದಾಗಿ ಆರಿಸಿ, ಮತ್ತೊಮ್ಮೆ ಬಿಸಿಲಿಗೆ ಹಾಕಿ, ಗರಿಗರಿ ಮಾಡಿ ಅರಿವೆಯ ಚೀಲಕ್ಕೆ ತುಂಬಿದಳು. ಬಸ್ಸಿನ ನೂಕಾಟದಲ್ಲಿ ಅವು ಒಡೆದು ಪುಡಿಯಾಗುತ್ತವೆಂದು ಯಾರೂ ಯೋಚಿಸಲಿಲ್ಲ. ಅಪ್ಪ ಆ ಚೀಲವನ್ನು ಭಕ್ತಿಯಿಂದ ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲಿಟ್ಟು, ತೋರಿಸಲೆಂದು ಅದರ ಬಾಯಿ ಬಿಚ್ಚಿದ. ಅದರ ಹಿಂದೆಯೇ ಒಂದು ಟೇಬಲ್ ಫ್ಯಾನು ಅತ್ತಿಂದಿತ್ತ ಕತ್ತು ತಿರುಗಿಸುತ್ತಿತ್ತು.

ಮೇಡಂ ನಮ್ಮ ಕಡೆಯವರಲ್ಲ. ನನ್ನನ್ನು ನೋಡಿ ನಕ್ಕು, "ವಾಟ್ ಈಸ್ ಯುವರ್" ಎನ್ನುವಷ್ಟರಲ್ಲಿ ಫ್ಯಾನು ಅವರತ್ತ ತಿರುಗಿತು. ಒಂದರ ಹಿಂದೊಂದು ಸೀನು ಬಂದವು. ಫ್ಯಾನು ಆಚೆ ಹೋದ ಮೇಲೆ ಕಣ್ಣೊರೆಸಿಕೊಂಡು "ಫಾದರ್?" ಎಂದು ಮುಗಿಸಿದರು.

ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಗೊತ್ತಿದ್ದ ಇಂಗ್ಲಿಷೆಂದರೆ ಈಗಷ್ಟೇ ಕೇಳಿದ್ದು. ಅದನ್ನೇ ಪೂರ್ತಿ ಹಿಂತಿರುಗಿಸಿದೆ, ನಡುವಿನ ಸೀನುಗಳ ಸಮೇತ, ಕೊನೆಗೆ ಕಣ್ಣೊರೆಸಿಕೊಂಡದ್ದೂ ಸೇರಿಸಿ. ಬಾಗಿಲಲ್ಲಿದ್ದ ಕ್ಲಾರ್ಕ್ ಗೋಡೆಗೆ ಮುಖ ಮಾಡಿ ನಕ್ಕ. ಮೇಡಂ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಅವರ ಹೆಗಲು ಕುಣಿಯುತ್ತಿದ್ದವು, ನಗುವಿಗೋ ಸೀನಿಗೋ ತಿಳಿಯಲಿಲ್ಲ. ನಿರ್ಧಾರವನ್ನು ಫೋನಿನಲ್ಲಿ ತಿಳಿಸುತ್ತೇವೆ ಎಂದು ಹರಕು ಕನ್ನಡದಲ್ಲಿ ಹೇಳಿದರು. ಅಪ್ಪ ಎದೆಗೆ ಕೈ ಹಚ್ಚಿ, ಅರ್ಧ ಬಗ್ಗಿ, "ಎಸ್ ಮೇಡಂ, ಎಸ್ ಮೇಡಂ" ಎನ್ನುತ್ತ ಹಿಂದಕ್ಕೆ ನಡೆದು ಬಾಗಿಲು ದಾಟಿದ. ಅವನಿಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟೇ. ನನ್ನದಕ್ಕಿಂತ ಅದು ವಾಸಿ, ಉತ್ತರದ ಹಾಗಾದರೂ ಇತ್ತು.

ಬಸ್ಸಿನಲ್ಲಿ ಬಹಳ ದೂರ ಬಂದ ಮೇಲೆ ಅವರು ಏನು ಕೇಳಿದರೆಂದು ಅಪ್ಪ ವಿಚಾರಿಸಿದ. ಗೊತ್ತಿಲ್ಲ ಎಂದೆ.

"ಗೊತ್ತಿಲ್ದನ ಅಷ್ಟ್ ಜೋರಾಗಿ ಹೇಳಿದ್ಯಾ?" ಎಂದು ಕಿಟಕಿಯ ಹೊರಗೆ ನೋಡಿದ.

ಆಗಿನ ಕಾಲಕ್ಕೆ ನಮ್ಮಂಥವರು ಯಾರದೋ ಅಂಗಡಿಯ ಫೋನ್ ನಂಬರು ಬರೆದುಕೊಡುತ್ತಿದ್ದೆವು. ನಾವು ಕೊಟ್ಟದ್ದು ಸಾವುಕಾರರ ಅಂಗಡಿಯದು. ಊಟಕ್ಕೆ ಹೋದಾಗಲೇ ಫೋನು ಬಂದರೆ ಹೇಗೆಂದು ಅಪ್ಪ ಮಧ್ಯಾಹ್ನ ಮನೆಗೆ ಬರುವುದನ್ನೇ ಬಿಟ್ಟ. ಬುತ್ತಿ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು.

ಬುತ್ತಿಯ ಜೊತೆ ನನ್ನ ನಕಲಿನ ಆಟವೂ ಅಂಗಡಿಗೆ ಹೋಯಿತು. ಹಮಾಲರು ಚೀಲಗಳ ಮೇಲೆ ಕೂತು, ಮೇಡಂನ ಕರಕೊಂಡು ಬಾರಪ್ಪಾ ಎನ್ನುತ್ತಿದ್ದರು. ಮೊದಲು ಬರೀ ಸೀನು. ಆಮೇಲೆ ಫ್ಯಾನನ್ನೂ ನಾನೇ ಮಾಡತೊಡಗಿದೆ, ಕತ್ತು ತಿರುಗಿಸುತ್ತ. ಅದೂ ಹಳತಾದಾಗ ಅಪ್ಪನನ್ನು ಸೇರಿಸಿದೆ: ಎದೆಗೆ ಕೈ, ಅರ್ಧ ಬಗ್ಗಿದ ಬೆನ್ನು, ಹಿಂದಕ್ಕೆ ನಡಿಗೆ. ನಗೆ ಎರಡು ಪಟ್ಟಾಯಿತು. ಸಾವುಕಾರರು ಗಾದಿಯ ಮೇಲೆ ಉರುಳಾಡಿದರು. ಅಪ್ಪನೂ ನಕ್ಕ. ನಗುತ್ತ ತಕ್ಕಡಿಯ ಮುಳ್ಳು ನೋಡಿದ. ಆಗ ತಕ್ಕಡಿಯಲ್ಲಿ ಏನೂ ಇರಲಿಲ್ಲ.

ಫೋನು ಬರಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು ಕೇಳುತ್ತಾರೆಂದು ಅವ್ವ ನಸುಕಿನಲ್ಲೇ ನೀರು ತರತೊಡಗಿದಳು. ಮೇಡಂ ನಕ್ಕರು, ಅಂದ ಮೇಲೆ ಸೀಟು ನನ್ನದೇ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಒಂದು ಸಂಜೆ ಓಣಿಯ ಕಾಲೇಜು ಹುಡುಗನಿಗೆ ನನ್ನ ಆಟ ತೋರಿಸಿ, ಆ ಇಂಗ್ಲಿಷಿನ ಅರ್ಥವೇನೆಂದು ಕೇಳಿದೆ.

"ನಿಮ್ಮಪ್ಪ ಏನ್ ಕೆಲಸ ಮಾಡ್ತಾನ ಅಂತ ಕೇಳ್ಯಾರ. ಇಷ್ಟೂ ಹೇಳಾಕ ಬರ್ಲಿಲ್ಲೇನ್ ನಿನಗ?"

ಇಷ್ಟೇ. ಕನ್ನಡದಲ್ಲಿ ಕೇಳಿದ್ದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. ಅದಕ್ಕೆ ಉತ್ತರವೇ ಮೇಜಿನ ಮೇಲೆ ಬಾಯಿ ಬಿಚ್ಚಿಕೊಂಡು ಕೂತಿತ್ತು, ಮೇಡಂ ಮೂಗಿಗೂ ಹೊಕ್ಕಿತ್ತು. ಇನ್ನು ಮುಂದೆ ಆ ಆಟ ಮಾಡಬಾರದು ಎಂದುಕೊಂಡೆ. ಮರುದಿನ ಹಮಾಲರು ಕೇಳಿದರು, ಮಾಡಿದೆ. ನಾಚಿಕೆ ಬೇರೆ, ಚಟ ಬೇರೆ.

ಹಾಗೆ ಮಾಡುತ್ತಿದ್ದಾಗಲೇ ಒಂದು ಮಧ್ಯಾಹ್ನ ಫೋನು ಬಂತು. ಸಾವುಕಾರರು ಎತ್ತಿಕೊಂಡು ನನ್ನತ್ತ ಕೈ ಎತ್ತಿದರು. ಶಾಬಾಸ್ ಎನ್ನುತ್ತಿದ್ದಾರೆಂದು ತಿಳಿದು ನಾನು ಸೀನುಗಳನ್ನು ಇನ್ನೂ ಜೋರು ಮಾಡಿದೆ. ಪ್ರಶ್ನೆಯನ್ನೂ ಪೂರ್ತಿ ಮಾಡಿದೆ, "ಫಾದರ್"ವರೆಗೆ. ಸಾವುಕಾರರ ಮುಖದಿಂದ ನಗೆ ಇಳಿದುಹೋಯಿತು. ಫೋನಿನ ಬಾಯಿಗೆ ಅಂಗೈ ಮುಚ್ಚಿ, "ರಾಣೆಬೆನ್ನೂರಿಂದ. ಮೇಡಂ ಅವ್ರ ಅದಾರ," ಎಂದು ಅಪ್ಪನಿಗೆ ಕೊಟ್ಟರು.

ಅಪ್ಪ ಓಡಿ ಬಂದು ಫೋನು ಹಿಡಿದ. ಇನ್ನೊಂದು ಕೈ ತಾನಾಗಿಯೇ ಎದೆಗೆ ಹೋಯಿತು. ಬೆನ್ನು ಅರ್ಧ ಬಗ್ಗಿತು. "ಎಸ್ ಮೇಡಂ, ಎಸ್ ಮೇಡಂ." ಹಿಂದೆ ಒಬ್ಬ ಹಮಾಲ ಕಿಸಕ್ಕನೆ ನಕ್ಕು, ತಟ್ಟನೆ ನಿಲ್ಲಿಸಿದ. ಅವನದೇನು ತಪ್ಪು? ಇಷ್ಟು ದಿನ ನಾನು ಮಾಡಿ ತೋರಿಸಿದ್ದೇ ಈಗ ಎದುರಿಗೆ ನಿಂತಿತ್ತು. ಅಪ್ಪನೇ ನನ್ನ ನಕಲು ಮಾಡುತ್ತಿದ್ದಾನೋ ಎಂಬ ಹಾಗೆ.

ಫೋನಿನ ಆಚೆಯಿಂದ ಏನೋ ಕೇಳಿದರು. ಅಪ್ಪ ನನ್ನನ್ನು ಒಮ್ಮೆ ನೋಡಿದ.

"ಘಾಟು ಮೇಡಂ. ಹಮಾಲರಿಗೆ ಘಾಟು ಹತ್ತೇತ್ರಿ, ಸೀನಾಕತ್ತಾರ."

ಫೋನು ಇಟ್ಟು ಅಪ್ಪ ತಕ್ಕಡಿಯ ಹತ್ತಿರ ಹೋದ. ಸೀಟು ಕೊಟ್ಟಿದ್ದಾರೆ, ಸೋಮವಾರ ಬರಲು ಹೇಳಿದ್ದಾರೆ ಎಂದು ಅಪ್ಪ ತಕ್ಕಡಿಗೆ ಹೇಳುವ ಹಾಗೆ ಹೇಳಿದ. ಹಿರಿಯ ಹಮಾಲ ಚೀಲದಿಂದ ಕೆಳಗಿಳಿದ.

"ಬ್ಯಾಡಗಿ ಹಮಾಲರಿಗೆ ಘಾಟು ಹತ್ತೇತಿ ಅಂದ್ಯಲ್ಲೋ ಮಾರಾಯ. ನಮ್ಮ ಮರ್ಯಾದಿ ಏನ್ ಉಳೀತು?"

ಎಲ್ಲರೂ ನಕ್ಕರು. ನಾನು ಖಾಲಿ ಬುತ್ತಿ ಎತ್ತಿಕೊಂಡು ಮನೆಗೆ ಹೊರಟೆ. ಅವ್ವ ಸಕ್ಕರೆ ಹಂಚಲು ಓಣಿಗೆ ಕಳಿಸಿದಳು. ಪ್ರತಿ ಬಾಗಿಲಲ್ಲೂ ಮೇಡಂನ ಮಾಡಿ ತೋರಿಸು ಎಂದರು. ಮರೆತು ಹೋಗಿದೆ ಎಂದೆ. ಒಬ್ಬರೂ ನಂಬಲಿಲ್ಲ.

ಸೋಮವಾರ ಅಪ್ಪ ತಲೆಸ್ನಾನ ಮಾಡಿ, ಅಂಗಡಿಗೆ ಎಂದೂ ಹಾಕಿಕೊಂಡು ಹೋಗದ ಬಿಳಿ ಅಂಗಿಯನ್ನು ಟ್ರಂಕಿನಿಂದ ತೆಗೆದು ಹಾಕಿಕೊಂಡ. ಬಸ್ಸಿನಲ್ಲಿ ಎರಡು ಸಲ ತೋಳು ಮೂಸಿ ನೋಡಿಕೊಂಡ. ನನ್ನ ಮೂಗಿಗೆ ಯಾವ ವಾಸನೆಯೂ ಬರಲಿಲ್ಲ. ಬ್ಯಾಡಗಿಯ ಮೂಗು, ಅದರ ಸಾಕ್ಷಿ ಯಾರಿಗೆ ಬೇಕು? ಶಾಲೆಯ ಗೇಟಿನಲ್ಲಿ ಅವನು ನಿಂತುಬಿಟ್ಟ.

"ನೀ ಒಬ್ಬನ ಹೋಗು ತಮ್ಮಾ. ನಾ ಬಂದ್ರ ಅವ್ರಿಗೆ ಮತ್ತ ಸೀನು ಹತ್ತತಾವ."

ಬಾ ಎಂದು ಕೈ ಹಿಡಿದು ಎಳೆಯಬೇಕಿತ್ತು. ಎಳೆಯಲಿಲ್ಲ. ಒಳಗೆ ಹೋದೆ. ಅದೇ ಕೋಣೆ, ಅದೇ ಮೇಜು, ಅದೇ ಫ್ಯಾನು. ಮೇಡಂ ನನ್ನನ್ನು ನೋಡಿ, ಒಂದೂ ಸೀನಿಲ್ಲದೆ, ಆ ಪ್ರಶ್ನೆಯನ್ನೇ ನಿಧಾನವಾಗಿ ಮತ್ತೊಮ್ಮೆ ಕೇಳಿದರು.

ಈಗ ಅರ್ಥ ಗೊತ್ತಿತ್ತು. ಹೇಳಬೇಕಾದ ಇಂಗ್ಲಿಷ್ ಮಾತನ್ನು ಕಾಲೇಜು ಹುಡುಗನಿಂದ ಕಲಿತೂ ಬಂದಿದ್ದೆ. ಅದು ಬಾಯಿಗೆ ಬರಲಿಲ್ಲ.

"ಹೊರಗ ನಿಂತಾನ್ರಿ," ಎಂದೆ.

ಮೇಡಂ ಕಿಟಕಿಯಿಂದ ಗೇಟಿನತ್ತ ನೋಡಿದರು. ಎದ್ದು ಟೇಬಲ್ ಫ್ಯಾನನ್ನು ತಾವೇ ಬಂದ್ ಮಾಡಿದರು. ಆಮೇಲೆ ಕ್ಲಾರ್ಕನನ್ನು ಕರೆದು, ಅವರನ್ನು ಒಳಗೆ ಕರೆದುಕೊಂಡು ಬಾ ಎಂದರು. ಅಪ್ಪನ ಚಪ್ಪಲಿಯ ಸದ್ದು ಪಡಸಾಲೆಯಲ್ಲಿ ಬಂದು ಬಾಗಿಲಲ್ಲಿ ನಿಂತಿತು. ನಾನು ಹಿಂತಿರುಗಿ ನೋಡಲಿಲ್ಲ. ಅವನು ಹೇಗೆ ನಿಂತಿದ್ದಾನೆಂದು ನನಗೆ ನೋಡದೆಯೇ ಗೊತ್ತಿತ್ತು.